ಹಲ್ಲು, ಕಡಲೆ ಮತ್ತು ಗಣಿತ

‘ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ದೈವದ ಹಂಚಿಕೆಯಲ್ಲಿರುವ ಅಸಮತೆಯನ್ನು ಕುರಿತು ನಮ್ಮ ಹಿರಿಯರು ಆಡಿದ ಮಾತು ಅದು. ಹಲ್ಲನ್ನೇ ಕುರಿತು ಪಶ್ಚಿಮ ದೇಶಗಳಲ್ಲಿ ನಡೆದ ಒಂದು ವೈಜ್ಞಾನಿಕ ಅನ್ವೇಷಣೆಯ ಇತಿಹಾಸಕ್ಕೂ ಈ ಗಾದೆ ಚೆನ್ನಾಗಿ ಒಪ್ಪುತ್ತದೆ. ಹಲ್ಲಿನ ಮೇಲೆ ಬಿದ್ದ ಭಾರ ದವಡೆಯೊಳಗೆ ಹೇಗೆ ಹರಡುತ್ತದೆ ಎಂಬುದಕ್ಕೆ ಸಮೀಕರಣ ಬರೆದವನ ಕಾಲದಲ್ಲಿ ಲೆಕ್ಕ ಮಾಡುವ ಯಂತ್ರವಿರಲಿಲ್ಲ. ಯಂತ್ರ ಬಂದು ಕೋಟಿಗಟ್ಟಲೆ ಲೆಕ್ಕಗಳನ್ನು ಅರೆಗಳಿಗೆಯಲ್ಲಿ ಮುಗಿಸತೊಡಗಿದಾಗ, ಅದಕ್ಕೆ ಉಣಿಸಬೇಕಾದ ನಂಬಲರ್ಹ ಅಂಕಿಗಳ ಕೊರತೆ ಕಾಣಿಸಿಕೊಂಡಿತು. ಈ ಕಥೆಯನ್ನು ಕೇಳುಗರ ಮುಂದಿಡುವುದು ಈ ಭಾಷಣದ ಉದ್ದೇಶ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಹಲ್ಲಿನ ಯಂತ್ರಶಾಸ್ತ್ರದ ಗೊಡವೆ ಏಕೆಂದು ಕೆಲವರಿಗೆ ಅನ್ನಿಸಬಹುದು. ತ, ಥ, ದ, ಧ ಎಂಬ ದಂತ್ಯಾಕ್ಷರಗಳನ್ನು ಉಚ್ಚರಿಸಲು ಹಲ್ಲಿನ ನೆರವು ಬೇಕೆಂಬುದು ಒಂದು ಕಾರಣ. ನನ್ನ ವಯಸ್ಸಿನವರಿಗೆ ಅದರ ಅರಿವು ಪುಸ್ತಕದಿಂದ ಬರಬೇಕಾಗಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ಗಹನವಾದುದು. ವ್ಯಾಕರಣವನ್ನು ಕಲಿಸಿದವರಿಗೆಲ್ಲ ಒಂದು ಪ್ರಶ್ನೆ ಎದುರಾಗುತ್ತಲೇ ಇರುತ್ತದೆ: ನಾವು ಕಟ್ಟಿದ ಸೂತ್ರ, ಜನ ಆಡುವ ಜೀವಂತ ಮಾತನ್ನು ಎಷ್ಟರಮಟ್ಟಿಗೆ ಹಿಡಿದಿದೆ? ಹಲ್ಲಿನ ಗಣಿತವನ್ನು ಕಟ್ಟಿದವರೂ ಇದೇ ಪ್ರಶ್ನೆಯ ಎದುರಿಗೆ ನಿಂತರು.

ಮೊದಲು ಹಲ್ಲಿನ ನೆಲೆಯನ್ನು ನೋಡೋಣ. ಗೋಡೆಗೆ ಹೊಡೆದ ಮೊಳೆಯಂತೆ ಹಲ್ಲು ದವಡೆಯಲ್ಲಿ ನಾಟಿಕೊಂಡಿದೆ ಎಂದು ಸಾಮಾನ್ಯವಾಗಿ ನಾವು ಭಾವಿಸುತ್ತೇವೆ. ವಾಸ್ತವವಾಗಿ ಹಲ್ಲಿನ ಬೇರು ಮೂಳೆಯನ್ನು ಎಲ್ಲಿಯೂ ನೇರವಾಗಿ ಮುಟ್ಟುವುದಿಲ್ಲ. ಬೇರಿಗೂ ಮೂಳೆಯ ಗೂಡಿಗೂ ನಡುವೆ ಒಂದು ತೆಳುವಾದ ಪೊರೆ ಇದೆ. ಅದರ ದಪ್ಪ ಸುಮಾರು 0.2 ಮಿಲಿಮೀಟರು. ಈ ಪೊರೆಯಲ್ಲಿ ಅಸಂಖ್ಯಾತ ನಾರುಗಳು ಒಂದು ತುದಿಯನ್ನು ಬೇರಿನಲ್ಲೂ ಇನ್ನೊಂದು ತುದಿಯನ್ನು ಮೂಳೆಯಲ್ಲೂ ಹೂತುಕೊಂಡು ಹಲ್ಲನ್ನು ಉಯ್ಯಾಲೆಯ ಹಗ್ಗಗಳಂತೆ ತೂಗಿ ಹಿಡಿದಿವೆ. ನಾರುಗಳ ನಡುವೆ ರಕ್ತನಾಳಗಳಿವೆ, ನರಗಳಿವೆ, ದ್ರವವಿದೆ. ಅನ್ನದಲ್ಲಿ ಸಿಕ್ಕ ಸಣ್ಣ ಕಲ್ಲನ್ನು ಕ್ಷಣಾರ್ಧದಲ್ಲಿ ಗುರುತಿಸಿ ದವಡೆ ತಡೆದು ನಿಲ್ಲುವುದರಲ್ಲಿ ಈ ನರಗಳ ಪಾತ್ರ ದೊಡ್ಡದು. ಬಲವಾಗಿ ಕಚ್ಚಿದಾಗ ದವಡೆಹಲ್ಲುಗಳ ನಡುವೆ ಸುಮಾರು 50 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಉಂಟಾಗಬಲ್ಲುದು. ಆ ಭಾರವೆಲ್ಲ ಈ ಪೊರೆಯ ಮೂಲಕವೇ ಮೂಳೆಗೆ ಇಳಿಯಬೇಕು. ಇದನ್ನು ನಾವು ದಂತಬಂಧಕ ಪೊರೆ ಎಂದು ಕರೆಯೋಣ. ಈ ಇತಿಹಾಸದ ಕೇಂದ್ರದಲ್ಲಿರುವುದು ಕೂದಲೆಳೆಯಷ್ಟು ತೆಳುವಾದ ಈ ಪೊರೆಯೇ.

ಒತ್ತಿದರೆ ಹಲ್ಲು ಸರಿಯುತ್ತದೆ ಎಂಬ ತಿಳಿವಳಿಕೆ ಹಳೆಯದು. ಫ್ರಾನ್ಸಿನ ಪಿಯೆರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ದಂತಚಿಕಿತ್ಸೆಯ ಗ್ರಂಥದಲ್ಲಿ, ಲೋಹದ ಪಟ್ಟಿಯನ್ನೂ ದಾರವನ್ನೂ ಬಳಸಿ ಸೊಟ್ಟ ಹಲ್ಲನ್ನು ಸಾಲಿಗೆ ತರುವ ಕ್ರಮವನ್ನು ವಿವರಿಸಿದ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಹಂಟರ್ ಮಾನವ ದಂತಗಳ ಪ್ರಕೃತಿಚರಿತ್ರೆಯನ್ನು 1771ರಲ್ಲಿ ಹೊರತಂದ. ಹಲ್ಲು ಬಿದ್ದ ಮೇಲೆ ಅದರ ಗೂಡಿನ ಮೂಳೆಯೂ ಕ್ರಮೇಣ ಸವೆದುಹೋಗುವುದನ್ನು ಅವನು ಗಮನಿಸಿದ್ದ. ಹಲ್ಲಿನ ಕೆಲಸ ಮುಗಿದರೆ ಮೂಳೆಗೂ ಅಲ್ಲಿ ಕೆಲಸವಿಲ್ಲ.

ಮೂಳೆ ಮತ್ತು ಭಾರಗಳ ಈ ಸಂಬಂಧಕ್ಕೆ ಯಂತ್ರಶಾಸ್ತ್ರದ ಅಡಿಪಾಯ ಒದಗಿದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. 1866ರ ಸುಮಾರಿಗೆ ಜ್ಯೂರಿಕ್ ನಗರದಲ್ಲಿ ಹರ್ಮನ್ ಫಾನ್ ಮೈಯರ್ ಎಂಬ ಅಂಗರಚನಾಶಾಸ್ತ್ರಜ್ಞ ತೊಡೆಮೂಳೆಯ ಸೀಳನ್ನು ತೋರಿಸುತ್ತಿದ್ದಾಗ, ಕಾರ್ಲ್ ಕುಲ್‌ಮನ್ ಎಂಬ ಎಂಜಿನಿಯರು ಅದರೊಳಗಿನ ಎಳೆಗಳ ವಿನ್ಯಾಸವನ್ನು ಕಂಡು ಬೆರಗಾದ. ಭಾರ ಎತ್ತುವ ಕ್ರೇನಿನ ಒಡಲಲ್ಲಿ ಒತ್ತಡ ಹರಿಯುವ ಗೆರೆಗಳನ್ನು ಅವನು ಹೇಗೆ ಬರೆಯುತ್ತಿದ್ದನೋ ಮೂಳೆಯ ಎಳೆಗಳೂ ಹಾಗೆಯೇ ಸಾಗಿದ್ದವು. ಜರ್ಮನಿಯ ಯೂಲಿಯಸ್ ವೋಲ್ಫ್ ಇದನ್ನು ಮುಂದುವರಿಸಿ, ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಪುನಃ ಕಟ್ಟಿಕೊಳ್ಳುತ್ತದೆ ಎಂಬ ನಿಯಮವನ್ನು 1892ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ.

ಹಲ್ಲಿನ ವಿಷಯದಲ್ಲಿ ಇದನ್ನು ಸೂಕ್ಷ್ಮದರ್ಶಕದಡಿ ಕಂಡವನು ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಟ್. ನಾಯಿಯ ಹಲ್ಲುಗಳನ್ನು ತಂತಿಯಿಂದ ಎಳೆದು ಅವನು ನಡೆಸಿದ ಪ್ರಯೋಗಗಳ ವಿವರ 1904 ಮತ್ತು 1905ರಲ್ಲಿ ಪ್ರಕಟವಾಯಿತು. ಪೊರೆ ಒತ್ತಿಹೋದ ಕಡೆ ಮೂಳೆ ಕರಗುತ್ತದೆ, ಪೊರೆ ಎಳೆಯಲ್ಪಟ್ಟ ಕಡೆ ಹೊಸ ಮೂಳೆ ಬೆಳೆಯುತ್ತದೆ. ಹೀಗೆ ಗೂಡೇ ನಿಧಾನವಾಗಿ ಸರಿದು ಹಲ್ಲನ್ನು ಹೊತ್ತೊಯ್ಯುತ್ತದೆ. ಬಲ ಮಿತಿಮೀರಿದರೆ ಪೊರೆ ನಜ್ಜುಗುಜ್ಜಾಗಿ ಆ ಭಾಗದ ಜೀವಕೋಶಗಳು ಸಾಯುತ್ತವೆ ಎಂಬುದನ್ನೂ ಅವನು ಕಂಡ. ಹಾಗಾದರೆ ಎಷ್ಟು ಬಲ ಹಿತ, ಎಷ್ಟು ಬಲ ಅಹಿತ? ಆಸ್ಟ್ರಿಯದ ಶ್ವಾರ್ಟ್ಸ್ 1932ರಲ್ಲಿ ಒಂದು ಉತ್ತರ ಕೊಟ್ಟ: ಪೊರೆಯ ಮೇಲಿನ ಒತ್ತಡ ಅಲ್ಲಿನ ಕಿರುರಕ್ತನಾಳಗಳ ಒತ್ತಡವನ್ನು ಮೀರಬಾರದು, ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ ಮಾತ್ರ ಇರಬೇಕು.

ಉತ್ತರ ಸೊಗಸಾಗಿದೆ, ತೊಡಕು ಇರುವುದು ಬಳಕೆಯಲ್ಲಿ. ವೈದ್ಯರು ತಂತಿಯಿಂದ ಹಲ್ಲಿನ ತಲೆಗೆ ಎಷ್ಟು ಬಲ ಕೊಟ್ಟರೆಂಬುದನ್ನು ತಕ್ಕಡಿಯಿಂದ ಅಳೆಯಬಹುದು. ಆ ಬಲ ಬೇರಿನ ಯಾವ ಭಾಗದಲ್ಲಿ ಎಷ್ಟಾಗಿ ಹಂಚಿಹೋಯಿತು ಎಂಬುದನ್ನು ಅಳೆಯುವುದು ಹೇಗೆ? ಜೀವಂತ ಮನುಷ್ಯನ ದವಡೆಯನ್ನು ಸೀಳಿ ನೋಡುವಂತಿಲ್ಲ. ಅದನ್ನು ಲೆಕ್ಕದಿಂದಲೇ ತಿಳಿಯಬೇಕು. ಇಲ್ಲಿ ಗಣಿತಜ್ಞನ ಪ್ರವೇಶವಾಗುತ್ತದೆ.

ಆ ಗಣಿತಜ್ಞ ಜಾನ್ ಲೈಟನ್ ಸಿಂಗ್. 1897ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಈತ, ‘ರೈಡರ್ಸ್ ಟು ದಿ ಸೀ’ ನಾಟಕವನ್ನು ಬರೆದ ಜೆ. ಎಂ. ಸಿಂಗ್‌ನ ಅಣ್ಣನ ಮಗ ಎಂದರೆ ಸಾಹಿತ್ಯಪ್ರಿಯರಿಗೆ ಗುರುತು ಸಿಕ್ಕೀತು. ಸಾಪೇಕ್ಷತಾ ಸಿದ್ಧಾಂತದಲ್ಲಿ ಹೆಸರು ಪಡೆದ ಈ ವಿದ್ವಾಂಸ ಕೆನಡದ ಟೊರಾಂಟೊದಲ್ಲಿದ್ದಾಗ, 1933ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಹಲ್ಲುಗಳ ಬಿಗಿಯನ್ನು ಕುರಿತು ನಲವತ್ತಕ್ಕೂ ಹೆಚ್ಚು ಪುಟಗಳ ಪ್ರಬಂಧ ಬರೆದ. ಹಲ್ಲು ಮತ್ತು ಮೂಳೆಗಳನ್ನು ಅವನು ಗಟ್ಟಿಯಾದ ವಸ್ತುಗಳೆಂದು ಭಾವಿಸಿದ. ನಡುವಣ ಪೊರೆಯನ್ನು, ಆಕಾರ ಬದಲಿಸಬಲ್ಲ ಆದರೆ ಗಾತ್ರದಲ್ಲಿ ಕುಗ್ಗದ ಸ್ಥಿತಿಸ್ಥಾಪಕ ಪದರವೆಂದು ಭಾವಿಸಿದ.

ಈ ಭಾವನೆಯ ಪರಿಣಾಮ ಗಮನಾರ್ಹವಾದುದು. ಒಬ್ಬಟ್ಟಿನ ಕಣಕವನ್ನು ಎರಡು ತಟ್ಟೆಗಳ ನಡುವೆ ಇಟ್ಟು ಒತ್ತಿದವರಿಗೆ ಇದು ಅನುಭವಕ್ಕೆ ಬಂದಿರುತ್ತದೆ. ಉಂಡೆ ದಪ್ಪವಾಗಿರುವಾಗ ಸುಲಭವಾಗಿ ಚಪ್ಪಟೆಯಾಗುತ್ತದೆ. ತೆಳುವಾದಂತೆಲ್ಲ ಪಕ್ಕಕ್ಕೆ ಸರಿಯಲು ದಾರಿ ಕಿರಿದಾಗಿ ಒತ್ತುವ ಕೈಗೆ ಮಣಿಯುವುದಿಲ್ಲ. ಕುಗ್ಗದ ತೆಳುಪದರವೊಂದು ಎರಡು ಗಟ್ಟಿ ಮೈಗಳಿಗೆ ಅಂಟಿಕೊಂಡಿದ್ದರೆ, ಒತ್ತಿದಾಗ ಅದು ಬಿಟ್ಟುಕೊಡುವ ಪ್ರಮಾಣ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ದಪ್ಪ ಎರಡು ಪಟ್ಟಾದರೆ ಸಡಿಲಿಕೆ ಎಂಟು ಪಟ್ಟು. ರೋಗದಿಂದ ಪೊರೆ ಸ್ವಲ್ಪವೇ ಅಗಲವಾದರೂ ಹಲ್ಲು ಅಷ್ಟೊಂದು ಅಲುಗಾಡುವುದೇಕೆ ಎಂಬುದಕ್ಕೆ ಇದರಲ್ಲಿ ಒಂದು ವಿವರಣೆ ದೊರೆಯುತ್ತದೆ. ಆದರೆ ಸಿಂಗ್‌ನ ಸಮೀಕರಣಗಳನ್ನು ಕೈಯಿಂದ ಬಿಡಿಸಬೇಕಾದರೆ ಬೇರಿಗೆ ಗಣಿತಕ್ಕೆ ಒಗ್ಗುವ ಸರಳ ಆಕಾರವನ್ನು ಆರೋಪಿಸಬೇಕಾಗಿತ್ತು. ಪ್ರಕೃತಿ ಮಾಡಿದ ಬೇರು ಡೊಂಕಾದುದು, ಕವಲೊಡೆದುದು. ಹಲ್ಲಿತ್ತು, ಕಡಲೆ ಇರಲಿಲ್ಲ.

ಮುಂದಿನ ಹಲವು ವರ್ಷ ಸಂಶೋಧಕರು ಬೆಳಕಿನ ಮೊರೆ ಹೊಕ್ಕರು. ಕೆಲವು ಪಾರದರ್ಶಕ ವಸ್ತುಗಳಿಂದ ಹಲ್ಲಿನ ಪ್ರತಿರೂಪ ಮಾಡಿ, ಅದನ್ನು ಒತ್ತಿ, ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಒಳಗಿನ ಒತ್ತಡ ಬಣ್ಣದ ಪಟ್ಟೆಗಳಾಗಿ ತೋರುತ್ತದೆ. ಒತ್ತಿದ ಗಾಜು ಬೆಳಕನ್ನು ಹೀಗೆ ಬದಲಿಸುವುದನ್ನು ಡೇವಿಡ್ ಬ್ರೂಸ್ಟರ್ 19ನೆಯ ಶತಮಾನದ ಆರಂಭದಲ್ಲಿಯೇ ಕಂಡಿದ್ದ. ಹುಳುಕು ಹಲ್ಲಿನಲ್ಲಿ ಸಿಮೆಂಟು ತುಂಬಲು ಕೊರೆಯುವ ಗುಳಿಯ ಆಕಾರ ಹೇಗಿದ್ದರೆ ಹಲ್ಲು ಸೀಳುವುದಿಲ್ಲ ಎಂಬ ಪರೀಕ್ಷೆಗೆ 1949ರ ಹೊತ್ತಿಗೆ ಈ ವಿಧಾನ ಬಳಕೆಗೆ ಬಂದಿತ್ತು. ನೋಡಲು ಮನೋಹರವಾದ ವಿಧಾನ. ಆದರೆ ಎನಾಮಲ್ ಕಲ್ಲಿನಂತೆ ಗಡಸು. ಅದರೊಳಗಿನ ಡೆಂಟಿನ್ ಅದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಬಾಗಬಲ್ಲುದು. ಪೊರೆಯಂತೂ ಇವೆರಡರ ಮುಂದೆ ಬೆಣ್ಣೆ. ಈ ಮೂರರ ಅನುಪಾತವನ್ನು ಪ್ಲಾಸ್ಟಿಕ್ಕಿನಲ್ಲಿ ಹಿಡಿಯುವುದು ಕಷ್ಟಸಾಧ್ಯವಾಗಿತ್ತು.

ಬಿಡುಗಡೆ ಬಂದದ್ದು ವಿಮಾನ ಕಟ್ಟುವವರ ಕಡೆಯಿಂದ. ಡೊಂಕುಡೊಂಕಾದ ಹೊಲವನ್ನು ಅಳೆಯಬೇಕಾದ ಮೋಜಣಿದಾರ ಏನು ಮಾಡುತ್ತಾನೆ? ಅದನ್ನು ತ್ರಿಕೋನಗಳಾಗಿ ವಿಂಗಡಿಸಿ, ಒಂದೊಂದನ್ನೂ ಅಳೆದು ಕೂಡಿಸುತ್ತಾನೆ. ಒತ್ತಡದ ಲೆಕ್ಕಕ್ಕೂ ಇದೇ ಉಪಾಯ ಸಲ್ಲುತ್ತದೆ. ವಸ್ತುವನ್ನು ಸಣ್ಣ ಸಣ್ಣ ತುಣುಕುಗಳಾಗಿ ವಿಭಾಗಿಸಿ, ಪ್ರತಿ ತುಣುಕಿಗೂ ಸರಳ ನಿಯಮವೊಂದನ್ನು ಬರೆದು, ನೆರೆಹೊರೆಯ ತುಣುಕುಗಳು ಮೂಲೆಗಳಲ್ಲಿ ಕೂಡಿಕೊಳ್ಳುವಂತೆ ಎಲ್ಲವನ್ನೂ ಒಟ್ಟಿಗೆ ಬಿಡಿಸುವುದು. ಗಣಿತಜ್ಞ ರಿಚರ್ಡ್ ಕೂರಂಟ್ 1943ರಲ್ಲಿ ತ್ರಿಕೋನಗಳ ಈ ಕಲ್ಪನೆಯನ್ನು ಮುಂದಿಟ್ಟಿದ್ದ. ಬೋಯಿಂಗ್ ಕಂಪನಿಯ ವಿಮಾನದ ರೆಕ್ಕೆಗಳ ಸಮಸ್ಯೆಯಿಂದ ಹೊರಟ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಎಂಬ ನಾಲ್ವರ ಪ್ರಬಂಧ 1956ರಲ್ಲಿ ಬಂತು. 1960ರಲ್ಲಿ ಕ್ಲಫ್ ಇದಕ್ಕೆ ‘ಫೈನೈಟ್ ಎಲಿಮೆಂಟ್’, ಎಂದರೆ ಪರಿಮಿತ ತುಣುಕುಗಳ ವಿಧಾನ ಎಂಬ ಹೆಸರು ಕೊಟ್ಟ. ಇಲ್ಲೊಂದು ಸ್ವಾರಸ್ಯವಿದೆ. ಹಲ್ಲಿನ ಬಿಗಿಯನ್ನು ಕುರಿತು ಬರೆದಿದ್ದ ಅದೇ ಸಿಂಗ್, 1957ರಲ್ಲಿ ಪ್ರಕಟಿಸಿದ ಬೇರೊಂದು ಗ್ರಂಥದಲ್ಲಿ, ಹಲ್ಲಿನ ಪ್ರಸ್ತಾಪವಿಲ್ಲದೆಯೇ, ಕ್ಷೇತ್ರವನ್ನು ತ್ರಿಕೋನಗಳಾಗಿ ವಿಂಗಡಿಸಿ ಲೆಕ್ಕ ಮಾಡುವ ಕ್ರಮವನ್ನು ವಿವರಿಸಿದ್ದ. ತನ್ನ ಹಳೆಯ ಸಮಸ್ಯೆಯ ಬೀಗದ ಕೈಗಳಲ್ಲಿ ಒಂದನ್ನು ಅವನೇ ಮಾಡಿದ್ದನೆನ್ನಬೇಕು.

ಆ ಬೀಗವನ್ನು ತೆರೆಯಲು ದಂತವೈದ್ಯರಲ್ಲಿಯೇ ಒಬ್ಬ ಬೇಕಾಗಿದ್ದ. ಅಮೆರಿಕದ ರಾಬರ್ಟ್ ಲೆಡ್ಲಿ 1948ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ದಂತವೈದ್ಯ ಪದವಿಯನ್ನೂ, 1950ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದ ಸ್ನಾತಕೋತ್ತರ ಪದವಿಯನ್ನೂ ಪಡೆದವನು. 1952ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯ ದಂತವಸ್ತು ವಿಭಾಗವನ್ನು ಸೇರಿ, ಕಟ್ಟಿಸಿಕೊಂಡ ಹಲ್ಲುಗಳು ಅಗಿಯುವಾಗ ಹೇಗೆ ವರ್ತಿಸುತ್ತವೆ ಎಂಬ ಅಧ್ಯಯನಕ್ಕೆ ತೊಡಗಿದ. ಆ ಸಂಸ್ಥೆಯಲ್ಲಿ ಸೀಯಾಕ್ ಎಂಬ ಆರಂಭಕಾಲದ ಕಂಪ್ಯೂಟರ್ ಇತ್ತು. ದೇಹದ ವ್ಯಾಪಾರಗಳಿಗೆ ಸಮೀಕರಣ ಬರೆಯಬಹುದಾದರೂ ಕೈಯಿಂದ ಬಿಡಿಸಲಾಗದು, ಅದಕ್ಕೆ ಈ ಯಂತ್ರವೇ ಬೇಕು ಎಂಬುದು ಅವನಿಗೆ ಅಲ್ಲಿ ಮನವರಿಕೆಯಾಯಿತು. 1968ರಲ್ಲಿ ಅವನು ಹುವಾಂಗ್ ಅವರೊಡನೆ, ಬಲ ಬಿದ್ದಾಗ ಹಲ್ಲು ಸ್ಥಳಾಂತರಗೊಳ್ಳುವುದರ ಗಣಿತ ಮಾದರಿಯೊಂದನ್ನು ಪ್ರಕಟಿಸಿದ. 1973ರಲ್ಲಿ ಎರಡು ಮುಖ್ಯ ಪ್ರಬಂಧಗಳು ಒಂದೇ ಪತ್ರಿಕೆಯಲ್ಲಿ ಬಂದವು. ಒಂದು, ಮಾನವ ದಂತಗಳ ಒಳಒತ್ತಡವನ್ನು ಕುರಿತು ಥ್ರೆಷರ್ ಮತ್ತು ಸೈಟೊ ಬರೆದದ್ದು. ಇನ್ನೊಂದು, ಫರಾ, ಕ್ರೇಗ್ ಮತ್ತು ಸಿಕಾರ್ಸ್ಕಿ ಬರೆದದ್ದು. ಇವರು ದುರಸ್ತಿ ಮಾಡಿದ ದವಡೆಹಲ್ಲೊಂದನ್ನು ಬೆಳಕಿನ ವಿಧಾನದಿಂದಲೂ ತುಣುಕುಗಳ ವಿಧಾನದಿಂದಲೂ ಪರೀಕ್ಷಿಸಿ ಹಳತು ಹೊಸತುಗಳನ್ನು ಎದುರುಬದುರು ನಿಲ್ಲಿಸಿದರು.

ಅದೇ ಹೊತ್ತಿಗೆ ಲೆಡ್ಲಿ ಇನ್ನೊಂದು ದೊಡ್ಡ ಕೆಲಸದಲ್ಲಿ ತೊಡಗಿದ್ದ. ಇಡೀ ದೇಹದ ಅಡ್ಡಸೀಳುಗಳನ್ನು ಕ್ಷಕಿರಣಗಳಿಂದ ಚಿತ್ರಿಸುವ ಸಿ.ಟಿ. ಯಂತ್ರವನ್ನು 1973-74ರಲ್ಲಿ ಅವನು ರೂಪಿಸಿದ. ಇಂದು ದವಡೆಯ ಮಾದರಿ ಕಟ್ಟುವವರು ಹೊರಡುವುದೇ ಇಂಥ ಸ್ಕ್ಯಾನ್ ಚಿತ್ರಗಳಿಂದ. 1987ರಲ್ಲಿ ಜಪಾನಿನ ತನ್ನೆ ಮತ್ತು ಸಂಗಡಿಗರು ಪ್ರಕಟಿಸಿದ ಮೂರು ಆಯಾಮದ ಪ್ರಸಿದ್ಧ ಮಾದರಿಯಲ್ಲಿ ಇದ್ದದ್ದು 240 ತುಣುಕುಗಳು, ಹಲ್ಲಿನ ಆಕಾರ ಸರಾಸರಿಯದು. ಇಂದಿನ ಮಾದರಿಗಳಲ್ಲಿ ಲಕ್ಷಗಟ್ಟಲೆ ತುಣುಕುಗಳಿರಬಹುದು. ಆಕಾರ ಆ ರೋಗಿಯ ಹಲ್ಲಿನದೇ ಆಗಿರಬಹುದು.

ಇದರಿಂದ ಆದ ಪ್ರಯೋಜನ ಅಲ್ಪವಲ್ಲ. ಪ್ರತಿ ಹಲ್ಲಿಗೂ ಪ್ರತಿರೋಧದ ಕೇಂದ್ರವೊಂದಿರುತ್ತದೆ. ಬಲ ಅದರ ಮೂಲಕ ಹಾದರೆ ಹಲ್ಲು ನೆಟ್ಟಗೆ ಸರಿಯುತ್ತದೆ, ತಪ್ಪಿದರೆ ವಾಲುತ್ತದೆ. ಒಸಡಿನ ರೋಗದಿಂದ ಸುತ್ತಲಿನ ಮೂಳೆ ತಗ್ಗಿದಾಗ ಈ ಕೇಂದ್ರ ಬೇರಿನ ತುದಿಯ ಕಡೆಗೆ ಜಾರುತ್ತದೆ. ಎಂದರೆ, ಗಟ್ಟಿ ಒಸಡಿನ ಹುಡುಗನಿಗೆ ಹಿತವಾದ ತಂತಿಯ ಬಿಗಿ, ಮೂಳೆ ಸವೆದ ಮಧ್ಯವಯಸ್ಕನಿಗೆ ಹಾನಿ ಮಾಡಬಹುದು. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ಬಾರಿಗೆ ರೋಗಿಯ ದವಡೆಗೆ ಕೂರಿಸಿದ ಟೈಟೇನಿಯಂ ಬೇರುಗಳ ವಿಷಯದಲ್ಲಿಯೂ ಲೆಕ್ಕ ನೆರವಾಯಿತು. ಅಲ್ಲಿ ಲೋಹ ನೇರವಾಗಿ ಮೂಳೆಗೆ ಬೆಸೆದುಕೊಳ್ಳುತ್ತದೆ, ನಡುವೆ ಪೊರೆಯಿಲ್ಲ. ಭಾರ ಮುಖ್ಯವಾಗಿ ಅದರ ಕುತ್ತಿಗೆಯ ಸುತ್ತಣ ಮೂಳೆಯ ಮೇಲೆ ಬೀಳುವುದನ್ನು ಮಾದರಿಗಳು ತೋರಿಸಿಕೊಟ್ಟವು.

ಇನ್ನು ಗಾದೆಯ ಉತ್ತರಾರ್ಧಕ್ಕೆ ಬರೋಣ. ಕಂಪ್ಯೂಟರ್ ತನಗೆ ಹೇಳಿದ್ದನ್ನು ಮಾತ್ರ ತಿಳಿದಿರುತ್ತದೆ. ಪೊರೆ ಎಷ್ಟು ಮೆದು ಎಂದು ನಾವು ಅದಕ್ಕೆ ಹೇಳಬೇಕು. ಆ ಅಂಕಿ ಯಾವುದು? ಬೇರೆ ಬೇರೆ ಸಂಶೋಧಕರು ತಮ್ಮ ಮಾದರಿಗಳಲ್ಲಿ ಬಳಸಿದ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ಸಾವಿರ ಪಟ್ಟಿಗೂ ಮಿಗಿಲಾದ ಅಂತರ ಕಾಣುತ್ತದೆ. ಇದು ಅವರ ಅಶ್ರದ್ಧೆಯಿಂದ ಆದದ್ದಲ್ಲ. ಪೊರೆಯ ಸ್ವಭಾವವೇ ಅಂಥದು. ಜ್ಯೂರಿಕ್ಕಿನ ಮ್ಯೂಲೆಮಾನ್ 1950ರ ದಶಕದಲ್ಲಿ ಹಲ್ಲಿನ ಅಲುಗಾಟವನ್ನು ಸೂಕ್ಷ್ಮವಾಗಿ ಅಳೆದು, ಹಗುರವಾದ ಬಲಕ್ಕೆ ಹಲ್ಲು ಸುಲಭವಾಗಿ ಸರಿಯುತ್ತದೆ, ಆಮೇಲೆ ಎಷ್ಟು ಒತ್ತಿದರೂ ಸ್ವಲ್ಪವೇ ಸರಿಯುತ್ತದೆ ಎಂಬುದನ್ನು ತೋರಿಸಿದ್ದ. ತಟ್ಟನೆ ಒತ್ತಿದರೆ ಪೊರೆ ಗಟ್ಟಿ, ಬಹುಕಾಲ ಒತ್ತಿದರೆ ಮೆದು. ಎಳೆದಾಗ ನಾರುಗಳು ಬಿಗಿಯುತ್ತವೆ, ಒತ್ತಿದಾಗ ದ್ರವ ತಡೆಯುತ್ತದೆ. ಇಂಥ ಬಹುರೂಪಿಗೆ ಒಂದೇ ಅಂಕಿಯ ವೇಷ ತೊಡಿಸಿದರೆ ಅದು ಒಪ್ಪುವುದೆಂತು?

ಬರ್ಸ್ಟೋನ್ ಮತ್ತು ಪ್ರಿಪುಟ್ನಿವಿಚ್ 1980ರಲ್ಲಿ ಲೇಸರ್ ಬೆಳಕಿನ ಹೊಲೊಗ್ರಫಿಯಿಂದ ಹಲ್ಲಿನ ಚಲನೆಯನ್ನು ಅಳೆದು ಲೆಕ್ಕವನ್ನು ಪರೀಕ್ಷಿಸುವ ದಾರಿ ತೋರಿಸಿದರು. ಅಲ್ಲಿಂದೀಚೆಗೆ ಪೊರೆಯ ನಾರು, ದ್ರವ, ಕಾಲ ಇವೆಲ್ಲವನ್ನೂ ಒಳಗೊಳ್ಳುವ ಮಾದರಿಗಳು ಬಂದಿವೆ. ಆದರೂ ಎರಡು ಸಂಗತಿಗಳನ್ನು ಮರೆಯುವಂತಿಲ್ಲ. ಮೊದಲನೆಯದು, ಲೆಕ್ಕ ಹೇಳುವುದು ಬಲ ಬಿದ್ದ ಕ್ಷಣದ ಒತ್ತಡವನ್ನು. ಹಲ್ಲು ಸರಿಯುವುದು ಮುಂದಿನ ವಾರಗಳಲ್ಲಿ, ಜೀವಕೋಶಗಳು ಮೂಳೆಯನ್ನು ಕರಗಿಸಿ ಕಟ್ಟುವುದರಿಂದ. ಒತ್ತಡ ಹೇಗೆ ಜೀವಕೋಶಕ್ಕೆ ಆಜ್ಞೆಯಾಗಿ ಪರಿಣಮಿಸುತ್ತದೆ ಎಂಬುದನ್ನು ಸೂತ್ರಕ್ಕೆ ತರುವ ಯತ್ನ ನಡೆದೇ ಇದೆ. ಎರಡನೆಯದು, ತಪ್ಪು ಅಂಕಿಯಿಂದ ಹೊರಟ ಲೆಕ್ಕವೂ ಪರದೆಯ ಮೇಲೆ ಸರಿಯಾದ ಲೆಕ್ಕದಷ್ಟೇ ಸುಂದರವಾಗಿ, ಕೆಂಪು ಹಳದಿ ನೀಲಿ ಬಣ್ಣಗಳಲ್ಲಿ ಮೂಡುತ್ತದೆ. ಚಿತ್ರಕ್ಕೆ ನಾಚಿಕೆಯಿಲ್ಲ.

ಇದು ಬರಿಯ ಪಂಡಿತರ ಚರ್ಚೆಯಾಗಿದ್ದರೆ ಇಷ್ಟು ಹೇಳುವ ಅಗತ್ಯವಿರಲಿಲ್ಲ. ಬಲ ಅತಿಯಾದಲ್ಲಿ ಮೂಳೆಯೊಡನೆ ಬೇರಿನ ತುದಿಯೂ ಕರಗಬಹುದು. ಮೂಳೆ ಮತ್ತೆ ಬೆಳೆಯುತ್ತದೆ. ಕರಗಿ ಮೊಟಕಾದ ಬೇರು ಮತ್ತೆ ಉದ್ದವಾಗುವುದಿಲ್ಲ. ಹಲ್ಲಿಗೆ ತಂತಿ ಹಾಕಿಸಿಕೊಂಡ ಹನ್ನೆರಡು ವರ್ಷದ ಹುಡುಗಿಯ ಬಾಯಲ್ಲಿ ಮುಂದಿನ ಐವತ್ತು ವರ್ಷ ಆ ಹಲ್ಲು ನಿಲ್ಲಬೇಕು. ಅವಳಿಗಾಗಿ ಮಾಡುವ ಲೆಕ್ಕದಲ್ಲಿ ಪೊರೆಯ ಅಂಕಿ ಎಲ್ಲಿಂದ ಬಂತು, ಯಾರ ಬಾಯಲ್ಲಿ ಅಳೆದದ್ದು, ನಿಜವಾದ ಹಲ್ಲಿನ ಚಲನೆಯೊಡನೆ ಅದು ತಾಳೆಯಾಯಿತೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿರಬೇಕು.

ವ್ಯಾಕರಣದ ಸೂತ್ರ ಮಾತನ್ನು ಆಳುವುದಿಲ್ಲ. ಮಾತು ಹೋದ ಹಾದಿಯನ್ನು ಅದು ಗುರುತಿಸುತ್ತದೆ, ಹಾದಿ ಬದಲಾದಾಗ ತಾನೂ ತಿದ್ದಿಕೊಳ್ಳುತ್ತದೆ. ತಿದ್ದಿಕೊಳ್ಳದ ಸೂತ್ರ ಪುಸ್ತಕದಲ್ಲಿ ಉಳಿಯುತ್ತದೆ, ಬಾಯಲ್ಲಿ ಉಳಿಯುವುದಿಲ್ಲ. ಹಲ್ಲಿನ ಗಣಿತಕ್ಕೂ ಇದೇ ಮಾತು ಸಲ್ಲುತ್ತದೆ. ಸಿಂಗ್‌ನ ಕಾಗದದ ಮೇಲಿನ ಸಮೀಕರಣದಿಂದ ಇಂದಿನ ಲಕ್ಷ ತುಣುಕುಗಳ ಮಾದರಿಯವರೆಗೆ ಬಂದ ದಾರಿ ದೊಡ್ಡದು. ಆ ದಾರಿಯುದ್ದಕ್ಕೂ ವಿದ್ವಾಂಸರನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿ ವಿಚಾರಿಸಿಕೊಂಡದ್ದು 0.2 ಮಿಲಿಮೀಟರಿನ ಒಂದು ಪೊರೆ. ಅದರ ಪೂರ್ಣ ಸ್ವಭಾವ ಗೊತ್ತಾದ ದಿನ ಹಲ್ಲೂ ಕಡಲೆಯೂ ಒಬ್ಬನ ಕೈಯಲ್ಲೇ ಸೇರಿದಂತಾಗುತ್ತದೆ. ಅಲ್ಲಿಯವರೆಗೆ ವೈದ್ಯರ ಬೆರಳಿನ ಎಚ್ಚರವೂ ಯಂತ್ರದ ಲೆಕ್ಕವೂ ಒಂದನ್ನೊಂದು ಕೇಳಿಕೊಂಡೇ ನಡೆಯಬೇಕು.